ಕೆಸರಿಗಿಳಿದ ಕಾರು, ಗೀರಿನ ಕರಾರು

ಕಳೆದ ಭಾನುವಾರ ಊರಂಚಿನ ಖರಾಡಿಯ ಕೆಸರಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ಹೋಯಿತು. ಅದನ್ನು ಹುಡುಕಲು ಬಗ್ಗಿದಾಗ ಕನ್ನಡಕವೂ ಬಿತ್ತು. ಕನ್ನಡಕ ಸಿಕ್ಕಿತು, ಚಪ್ಪಲಿ ಸಿಗಲಿಲ್ಲ. ಅದು ಇಷ್ಟೊತ್ತಿಗೆ ಯಾವುದೋ ಐಟಿ ಪಾರ್ಕಿನ ತಳಪಾಯಕ್ಕೆ ಸೇರಿಹೋಗಿರಬೇಕು.

ಈ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡು, ಜಡಿಮಳೆಯಲ್ಲಿ ಅಲ್ಲೇನು ಮಾಡುತ್ತಿದ್ದಿರಿ ಅಂತ ಕೇಳುತ್ತೀರಾ? ಕಾರ್ ರ‍್ಯಾಲಿಯಲ್ಲಿ ಸ್ಪರ್ಧಿಸುತ್ತಿದ್ದೆ.

(ನಗಬೇಡಿ. ನಮ್ಮನೆಯವರು ನಕ್ಕರು. ಆಮೇಲೆ ಎರಡು ದಿನ ಚಹಾ ತಾವೇ ಮಾಡಿಕೊಂಡು ಕುಡಿದರು.)

ಕಾರು ನನ್ನದಲ್ಲ, ಓಡಿಸಿದವಳೂ ನಾನಲ್ಲ. ಕಾರು ನನ್ನ ಮೈದುನ ಸುಭಾಷನದು. ಓಡಿಸಿದವಳು ಅವನ ಹೆಂಡತಿ ವಿದ್ಯಾ. ಈ ಮರಾಠಿ ಊರಿನ ಧನಕವಡಿ ಬಡಾವಣೆಯ ಒಂದೇ ಬಿಲ್ಡಿಂಗಿನಲ್ಲಿ ನಾವು ಮೇಲಿನ ಮನೆ, ಅವರು ಕೆಳಗಿನ ಮನೆ. ನಮ್ಮವರು ಆಫೀಸಿನಲ್ಲಿ ಗುಮಾಸ್ತರು. ಸುಭಾಷನದು ಪೇಟೆಯಲ್ಲಿ ಇಳಕಲ್ ಸೀರೆ, ಖಣದ ಅಂಗಡಿ. ಅವನು ದಿನಾ ಅಂಗಡಿಗೆ ಹೋಗುವುದು ಸ್ಕೂಟರಿನ ಮೇಲೆ.

ಹಾಗಾದರೆ ಕಾರು? ಕಾರು ಮನೆಯಲ್ಲಿ ಇರುತ್ತದೆ. ಹೊರಗೆ ಹೋಗುವುದು ಮದುವೆಗೆ, ಗುಡಿಗೆ. ಅದೂ ಆಕಾಶ ನೋಡಿಕೊಂಡು. ಕೊಂಡ ದಿನ ಸೀಟಿಗೆ ಹಾಕಿದ್ದ ಪ್ಲಾಸ್ಟಿಕ್ಕನ್ನು ಇವತ್ತಿನವರೆಗೂ ತೆಗೆದಿಲ್ಲ. ಬೇಸಿಗೆಯಲ್ಲಿ ಹತ್ತಿದರೆ ಇಳಿಯುವಾಗ ಸೀಟೂ ನಮ್ಮ ಜೊತೆ ಇಳಿಯಲು ನೋಡುತ್ತದೆ. ಸುಭಾಷ ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ಒಂದು ಹಳದಿ ಬಟ್ಟೆಯಿಂದ ಕಾರಿನ ಮೈ ಒರೆಸುತ್ತಾನೆ. ಮಳೆಗಾಲ ಬಂತೆಂದರೆ ಮೇಲೆ ಹೊದಿಕೆ ಹೊದಿಸಿ, ಹಗ್ಗ ಕಟ್ಟಿ, ದಸರಾ ತನಕ ಅದಕ್ಕೆ ನಿದ್ದೆ.

ಇಂಥ ಕಾರು ಕೆಸರಿಗೆ ಹೇಗೆ ಇಳಿಯಿತು? ಅದಕ್ಕೆ ಕಾರಣ ನಮ್ಮ ಕಡೆಯ ಒಂದು ಮರ್ಯಾದೆ.

ನಮ್ಮ ಬಡಾವಣೆಯ ಮಹಿಳಾ ಮಂಡಳಕ್ಕೆ ಲೇಲೆ ಕಾಕು, ಅಂದರೆ ಲೇಲೆ ಚಿಕ್ಕಮ್ಮ, ಅಧ್ಯಕ್ಷೆ. ಈ ಸಲ ಅರಿಶಿನ ಕುಂಕುಮ, ಪಾಕಸ್ಪರ್ಧೆ ಎಲ್ಲ ಸಾಕು, ಹೆಂಗಸರಿಗೆ ಒಂದು 'ಪಾವಸಾಳಿ ರ‍್ಯಾಲಿ' ಮಾಡೋಣ ಅಂತ ಹೊರಟರು. ಮಳೆಗಾಲದ ಕಾರ್ ರ‍್ಯಾಲಿ. ಕಾರ್ ಹುಚ್ಚಿನ ಕೆಲವು ತರುಣರು ದಾರಿ ಹಾಕಿಕೊಡಲು ಒಪ್ಪಿದ್ದರು. ಬಡಾವಣೆಗೊಂದು ತಂಡ. ನಮ್ಮ ತಂಡಕ್ಕೆ ಡ್ರೈವರ್ ಇದ್ದಳು. ಲೈಸೆನ್ಸ್ ತೆಗೆದುಕೊಂಡು, ಅದನ್ನು ರೇಷನ್ ಕಾರ್ಡಿನ ಜೊತೆ ಕಪಾಟಿನಲ್ಲಿಟ್ಟಿದ್ದ ನಮ್ಮ ವಿದ್ಯಾ. ಕಾರು ಇರಲಿಲ್ಲ.

ಸಭೆಗೆ ಕುರ್ಚಿ ತಲುಪಿಸಲು ಬಂದಿದ್ದ ಸುಭಾಷನ ಕಿವಿಗೆ ಇದು ಬಿತ್ತು. ಹಿಂದೆ ಮುಂದೆ ನೋಡದೆ, "ಆಮಚೀ ಗಾಡೀ ಆಹೇ ಕೀ, ಘ್ಯಾ," ಅಂದುಬಿಟ್ಟ. ನಮ್ಮ ಗಾಡಿ ಇದೆಯಲ್ಲ, ತೆಗೆದುಕೊಳ್ಳಿ.

ಈ ಮಾತಿನ ಅರ್ಥ ವಿಜಾಪುರ, ಬಾಗಲಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು 'ತೊಗೊಳ್ರಿ' ಅನ್ನುತ್ತೇವೆ. ಎದುರಿನವರು 'ಬ್ಯಾಡ್ರಿ' ಅನ್ನುತ್ತಾರೆ. 'ಏ ತೊಗೊಳ್ರಿ, ಅದಕ್ಕೇನಾತು' ಅನ್ನುತ್ತೇವೆ. 'ಇರ್ಲಿ ಬಿಡ್ರಿ' ಅನ್ನುತ್ತಾರೆ. ಇಬ್ಬರೂ ಒಳ್ಳೆಯವರು ಅಂತ ಸಾಬೀತಾಗುತ್ತದೆ, ವಸ್ತು ಇದ್ದಲ್ಲೇ ಇರುತ್ತದೆ. ಇದು ಕೊಡುಕೊಳ್ಳುವ ವ್ಯವಹಾರವಲ್ಲ, ನಮಸ್ಕಾರದ ಒಂದು ಬಗೆ.

ಲೇಲೆ ಕಾಕು ಇದೇ ಊರಿನ ಸದಾಶಿವ ಪೇಟೆಯಲ್ಲಿ ಹುಟ್ಟಿ ಬೆಳೆದವರು. ಅಲ್ಲಿ ಜನ ಆಡಿದ ಮಾತನ್ನು ಆಡಿದ ಹಾಗೇ ನಂಬುತ್ತಾರೆ. "ಠೀಕ ಆಹೇ," ಅಂದು ಕಾರಿನ ನಂಬರು ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು.

ಸುಭಾಷ ಕುರ್ಚಿ ಹಿಡಿದುಕೊಂಡು ನಿಂತೇ ಇದ್ದ.

ಆ ಸಂಜೆ ಕೆಳಗಿನ ಮನೆಯಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ. ಮೊಸರಿಗೆ ಹೆಪ್ಪು ಕೇಳಲು ಹೋಗಿದ್ದೆ. (ಹೆಪ್ಪು ನಮ್ಮನೆಯಲ್ಲೂ ಇತ್ತು, ಅದು ಬೇರೆ ಮಾತು.)

"ನಾ ಹಂಗ ಅಂದದ್ದು. ಕೊಡ್ತೀನಿ ಅಂತ ಅಲ್ಲ," ಎಂದ ಸುಭಾಷ.

"ಕಾಕು ನಂಬರ್ ಬರಕೊಂಡಾರ," ಎಂದಳು ವಿದ್ಯಾ, ಮೆಂತ್ಯಪಲ್ಯ ಬಿಡಿಸುತ್ತ.

"ಬ್ಯಾಡ ಅಂತ ಹೇಳಿ ಬಾ."

"ನೀವ ಕೊಟ್ಟೀರಿ, ನೀವ ಹೋಗಿ ಹೇಳ್ರಿ."

ಅವನಿಂದ ಅದಾಗದು. ಕಾಕು ಅಂಗಡಿಯ ದೊಡ್ಡ ಗಿರಾಕಿ. ಮೇಲಾಗಿ, ಕೊಟ್ಟ ಮಾತು ವಾಪಸ್ ತೆಗೆದುಕೊಂಡರೆ ಬಡಾವಣೆಯಲ್ಲಿ ಮುಖ ಹೇಗೆ ತೋರಿಸುವುದು?

"ಗಾಡಿ ರಾಡ್ಯಾಗ, ಕೆಸರಾಗ ಹೋಗ್ತದ. ನೀ ನಮ್ಮ ಕಂಪೌಂಡ್ ಗೇಟ್ ದಾಟಿಸಿದ್ದು ಒಂದ ಸಲ. ಅವತ್ತೂ ನಾ ಬಾಜೂಕ ಕೂತಿದ್ದೆ."

"ಬಾಜೂಕ ಕೂತು ಕಣ್ಣು ಮುಚ್ಚಿಕೊಂಡಿದ್ರಿ," ಎಂದಳು ವಿದ್ಯಾ. ಆಮೇಲೆ ಪಲ್ಯದ ಮೊರ ಪಕ್ಕಕ್ಕಿಟ್ಟು ಅಸಲು ಮಾತಿಗೆ ಬಂದಳು. "ಖರಾಡಿ ಸಾಲಿಯವ್ರು ಸೋಮವಾರದ ತನಕ ಅಷ್ಟ ಕಾಯ್ತಾರಂತ."

ಇದನ್ನು ನಿಮಗೆ ಹೇಳಬೇಕು. ವಿದ್ಯಾ ಬಿ.ಎಡ್. ಮಾಡಿದವಳು. ಮಕ್ಕಳು ದೊಡ್ಡವರಾದ ಮೇಲೆ ಕೆಲಸ ಹುಡುಕಿದಳು. ಸಿಕ್ಕಿದ್ದು ಖರಾಡಿಯ ಹೊಸ ಶಾಲೆಯೊಂದರಲ್ಲಿ. ಧನಕವಡಿ ಊರಿನ ಈ ತುದಿ, ಖರಾಡಿ ಆ ತುದಿ. ಸ್ವಾರಗೇಟಿನಲ್ಲಿ ಬಸ್ ಬದಲಿಸಿ, ನಿಂತುಕೊಂಡೇ ಹೋಗಿ, ಸಂಜೆ ಮಕ್ಕಳು ಬರುವುದರೊಳಗೆ ಮನೆ ಸೇರುವುದು ಆಗದ ಮಾತು. ಕಾರಿದ್ದರೆ ಆಗುತ್ತದೆ. ಕಾರು ಕೆಳಗೇ ನಿಂತಿದೆ, ಹೊದಿಕೆ ಹೊದ್ದುಕೊಂಡು. ಕೀಲಿ ಮಾತ್ರ ಸುಭಾಷನ ಜೇಬಿನಲ್ಲಿ. "ನೋಡೂಣು," ಅಂತ ಅವನು ಹೇಳುತ್ತ ಬಂದಿದ್ದ. 'ನೋಡೂಣು' ಅಂದರೇನು ಅಂತ ಹೆಂಡತಿಯರಿಗೆ ಗೊತ್ತು.

ಅವತ್ತು ಸುಭಾಷ ಸಿಟ್ಟಿನಲ್ಲೋ, ಧೈರ್ಯದಲ್ಲೋ ಒಂದು ಕರಾರು ಹಾಕಿದ. "ಆತು. ರ‍್ಯಾಲಿಗೆ ಒಯ್ಯಿ. ಒಂದ ಒಂದು ಗೀರು ಬೀಳದಂಗ ವಾಪಸ್ ತಂದ್ರ, ಕೀಲಿ ನಿನ್ನ ಹತ್ರನ ಇರ್ಲಿ, ಸಾಲಿಗೆ ಹೋಗು. ಗೀರು ಬಿತ್ತು ಅಂದ್ರ ಸಾಲಿ ಮಾತು ಎತ್ತಬಾರದು."

"ವೈನಿ ಕೇಳ್ಯಾರ," ಎಂದಳು ವಿದ್ಯಾ, ಅವನ ಅತ್ತಿಗೆಯಾದ ನನ್ನತ್ತ ಕೈ ತೋರಿಸಿ. ಅಲ್ಲಿಗೆ ನಾನು ಸಾಕ್ಷಿಯಾದೆ. ಮರುದಿನ ನ್ಯಾವಿಗೇಟರೂ ಆದೆ, ಅಂದರೆ ಡ್ರೈವರಿನ ಪಕ್ಕ ಕೂತು ದಾರಿ ಹೇಳುವವಳು.

ನಾನು ರ‍್ಯಾಲಿ ಅಂದರೆ ಜೋರಾಗಿ ಓಡಿಸುವುದು ಅಂದುಕೊಂಡಿದ್ದೆ. ಅಲ್ಲವಂತೆ. ಅವರು ಹೇಳಿದ ವೇಗದಲ್ಲೇ ಹೋಗಬೇಕು. ದಾರಿಯಲ್ಲಿ ಎಲ್ಲೋ ಒಂದು ಕಡೆ ಛತ್ರಿ ಹಿಡಿದು ಅಡಗಿ ಕೂತವರು ಸಮಯ ಬರೆದುಕೊಳ್ಳುತ್ತಾರೆ. ತಡವಾದರೆ ಅಂಕ ಹೋಗುತ್ತದೆ. ಬೇಗ ಹೋದರೆ ಇನ್ನೂ ಹೆಚ್ಚು ಹೋಗುತ್ತದೆ. ಊಟಕ್ಕೆ ಕರೆದ ಮನೆಗೆ ಬೇಗ ಹೋದ ಹಾಗೆ ಅನ್ನಿ.

ಮುಂಢವಾ ಕಡೆಯ ಒಂದು ಮೈದಾನದಿಂದ ಹೊರಟೆವು. ಸುಭಾಷ ಬೀಳ್ಕೊಡಲು ಬರಲಿಲ್ಲ, ನೋಡಲಾಗದು ಅಂದ. ನನ್ನ ತೊಡೆಯ ಮೇಲೆ ದಾರಿಯ ಚಿತ್ರಗಳ ಹಾಳೆ, ಕೊರಳಲ್ಲಿ ಸ್ಟಾಪ್‌ವಾಚ್, ಕಾಲ ಬಳಿ ರೊಟ್ಟಿ ಡಬ್ಬಿ. ಡಾಂಬರು ಇರುವ ತನಕ ನಾವು ರಾಣಿಯರ ಹಾಗೆ ಹೋದೆವು. ಖರಾಡಿಯಲ್ಲಿ ಹಾಳೆಯ ಬಾಣ ಎಡಕ್ಕೆ ತಿರುಗಿತು, ಡಾಂಬರು ತಿರುಗಲಿಲ್ಲ.

ಎದುರಿಗೆ ಬರೀ ಕಪ್ಪು ಕೆಸರು. ಅತ್ತಿತ್ತ ಏಳುತ್ತಿರುವ ಕಟ್ಟಡಗಳು, ಅವುಗಳ ಲಾರಿಗಳು ಉತ್ತುಹೋದ ದಾರಿ.

ವಿದ್ಯಾ ನವಲಗುಂದದ ಹುಡುಗಿ. ಗಾಜಿನಿಂದಾಚೆ ಒಮ್ಮೆ ನೋಡಿ, "ಇದು ನಮ್ಮೂರ ಎರಿ ಮಣ್ಣಿನ ಗತೆನ ಅದ ಅಕ್ಕಾ. ನಿಂತ್ರ ಹಿಡೀತದ. ನಿಲ್ಲೂದ ಬ್ಯಾಡ," ಎಂದಳು. ಮೊದಲ ಗೇರಿನಲ್ಲಿ, ಕಾಲು ಅಲುಗಿಸದೆ, ಒಂದೇ ಸಮ ಹೋದಳು. ಕಾರಿನ ಹಿಂಭಾಗ ಮದುವೆ ಮನೆಯ ಬೀಗಿತ್ತಿಯ ಹಾಗೆ ಅತ್ತ ಇತ್ತ ಬಳುಕುತ್ತಿತ್ತು. ಆದರೂ ಮುಂದಕ್ಕೆ ಹೋಗುತ್ತಿತ್ತು. ಆಗ ನಮ್ಮ ಮುಂದಿದ್ದ ಕಾರಿನವರು ಫೋಟೋ ತೆಗೆಸಿಕೊಳ್ಳಲು ನಿಂತರು.

ನಾವೂ ನಿಲ್ಲಬೇಕಾಯಿತು. ಫೋಟೋ ಆಯಿತು, ಅವರು ಹೋದರು. ನಾವು ಹೋಗಲಿಲ್ಲ.

ಗಾಲಿ ತಿರುಗಿದಷ್ಟೂ ಕಾರು ಕೆಳಗೆ ಹೋಗುತ್ತಿತ್ತು. ನಾನು ತಳ್ಳಲು ಇಳಿದೆ. ಚಪ್ಪಲಿಯ ಕಥೆ ಆಗಿದ್ದು ಇಲ್ಲೇ. ನನ್ನೊಬ್ಬಳ ಬಲಕ್ಕೆ ಕಾರು ಮಿಸುಕಲಿಲ್ಲ. ರ‍್ಯಾಲಿಯವರ ಜೀಪು ಸರಪಳಿ ಹಾಕಿ ಎಳೆಯುತ್ತದೆ ಅಂತ ಮೊದಲೇ ಹೇಳಿದ್ದರು. ಸರಪಳಿ ಅಂದರೆ ಗೀರು. ವಿದ್ಯಾ ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡು ಕೂತಳು. "ಹೋತು ಅಕ್ಕಾ, ಸಾಲಿ ಹೋತು," ಎಂದಳು ಮೆಲ್ಲಗೆ.

ಪಕ್ಕದಲ್ಲೇ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಸಾಲು. ಮಾಡಿನ ಕೆಳಗೆ ಭಾನುವಾರದ ಬಟ್ಟೆ ಒಗೆಯುತ್ತಿದ್ದ ನಾಲ್ಕೈದು ಹೆಂಗಸರು ನಮ್ಮನ್ನೇ ನೋಡುತ್ತಿದ್ದರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ತಡ, ಒಬ್ಬಾಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಕನ್ನಡದವ್ರೇನ್ರೀ ಅಕ್ಕಾರ? ಯಾವೂರು?"

"ವಿಜಾಪುರ. ನಿಮ್ದವ್ವಾ?"

"ಶಹಾಪುರ ಕಡ್ಯಾವ್ರು ನಾವು. ನಾ ಮಲ್ಲಮ್ಮ." ಆಕೆ ಕಾರನ್ನೂ, ನನ್ನ ಬರಿಗಾಲನ್ನೂ ನೋಡಿದಳು. "ಚಂದಂದು ಡಾಂಬರ್ ರೋಡ್ ಆ ಕಡಿ ಅದ ಅಲ್ರೀ. ಹಾದಿ ತಪ್ಪೀರೇನು?"

"ಇಲ್ಲವ್ವಾ, ಬೇಕಂತನ ಬಂದೀವಿ."

"ಬೇಕಂತ?" ಆಕೆ ಹಿಂದೆ ತಿರುಗಿ ಉಳಿದವರಿಗೆ ಹೇಳಿದಳು. "ಕೇಳಿದ್ರೇನಬೇ, ಬೇಕಂತ ಬಂದಾರಂತ ರಾಡ್ಯಾಗ."

ನಗುವೋ ನಗು. ನಾವೂ ನಕ್ಕೆವು. ಇನ್ನೇನು ಮಾಡುವುದು?

ಎಲ್ಲರೂ ತಳ್ಳಲು ಬಂದರು. ಕಾರಿನ ಹಿಂದೆ ಕೈ ಇಡುವಷ್ಟರಲ್ಲಿ ವಿದ್ಯಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಏನೋ ಹೇಳಬೇಕು, ಹೇಳಲಾರಳು. ಅವಳು ನೋಡುತ್ತಿದ್ದದ್ದು ಅವರ ಕೈಗಳನ್ನು. ಮೊಣಕೈ ತನಕ ಹಸಿರು ಗಾಜಿನ ಬಳೆ, ಅವುಗಳ ಹಿಂದೆ ಮುಂದೆ ಹಿತ್ತಾಳೆಯವು. ಬಣ್ಣದ ಮೇಲೆ ಅವು ಉಜ್ಜಿದರೆ ಮುಗಿಯಿತು. ಹಾಗಂತ ಮುತ್ತೈದೆಯರಿಗೆ ಬಳೆ ತೆಗೆಯಿರಿ ಅನ್ನುವುದುಂಟೇ? ಕಾರು ಹಾಳಾಗಲಿ, ಆ ಮಾತು ನಮ್ಮ ಬಾಯಲ್ಲಿ ಬರದು.

"ಏನ್ ತಂಗೀ, ಮಾರಿ ಸಣ್ಣ ಮಾಡೀದಿ?" ಎಂದಳು ಮಲ್ಲಮ್ಮ.

"ಗಾಡಿಗೆ ಗೀರು ಬೀಳಬಾರದಂತ ನಮ್ಮವರು ಭಾಳ ಹೇಳಿ ಕಳಿಸ್ಯಾರ," ಎಂದಳು ವಿದ್ಯಾ. ಅಷ್ಟೇ. ಬಳೆಯ ಹೆಸರೆತ್ತಲಿಲ್ಲ.

ಮಲ್ಲಮ್ಮ ತನ್ನ ಕೈ ನೋಡಿಕೊಂಡಳು. "ಅಷ್ಟ ಹೌದಿಲ್ಲೊ. ಬೆನ್ನು ಹಚ್ರ್ಯಬೇ ಎಲ್ಲಾರೂ," ಎಂದಳು.

ಎಲ್ಲರೂ ಹಿಂದುಮುಂದಾಗಿ ನಿಂತು, ಕಾರಿಗೆ ಬೆನ್ನು ಕೊಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡರು. ನಾನೂ ನಿಂತೆ. ಮಲ್ಲಮ್ಮ 'ಹೂಂ' ಅಂದಳು. ಒಮ್ಮೆಲೇ ಬೆನ್ನಿನ ಹಿಂದೆ ಏನೂ ಇಲ್ಲದಂತಾಗಿ ನಾವೆಲ್ಲ ಸಾಲಾಗಿ ಕೆಸರಿನಲ್ಲಿ ಕೂತೆವು. ಕಾರು ಎದ್ದು ಹೋಗಿತ್ತು. ನಿಂತರೆ ಮತ್ತೆ ಹಿಡಿಯುತ್ತದಲ್ಲ, ವಿದ್ಯಾ ನಿಲ್ಲಲಿಲ್ಲ. ನ್ಯಾವಿಗೇಟರನ್ನು ಬಿಟ್ಟು ಹೋದ ಡ್ರೈವರು ರ‍್ಯಾಲಿಗಳ ಚರಿತ್ರೆಯಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ದೂರದಲ್ಲಿ ಗಟ್ಟಿ ನೆಲ ಸಿಕ್ಕ ಮೇಲೆ ಕಾರು ನಿಂತಿತು. ನಾನು ಹೋಗಿ ರೊಟ್ಟಿ ಡಬ್ಬಿ ತಂದು ಮಲ್ಲಮ್ಮನ ಕೈಗಿಟ್ಟೆ.

"ಬ್ಯಾಡ್ರಿ ಅಕ್ಕಾರ."

"ತೊಗೊಳ್ರಿ. ಬಿಳಿಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಅದ."

"ಇರ್ಲಿ ಬಿಡ್ರಿ, ನಿಮಗ ಊಟಕ್ಕ ಬೇಕಲ್ಲ."

ಒಮ್ಮೆ ಬೇಡ ಅಂದದ್ದನ್ನು ನಂಬುವ ಜನವೇ ನಾವು? ನಾನು ಒತ್ತಾಯ ಮಾಡಿದೆ. ಆಕೆ ಕೊಸರಿದಳು. ಕೊರಳಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು. ಅತ್ತ ವಿದ್ಯಾ ಹಾರ್ನ್ ಒತ್ತುತ್ತಿದ್ದಳು. ಆದರೂ ಪದ್ಧತಿ ಪೂರ್ತಿ ಮುಗಿಯದೆ ಡಬ್ಬಿ ಕೈ ದಾಟಲಿಲ್ಲ. ನಮ್ಮ ಅಂಕಗಳಲ್ಲಿ ಅರ್ಧ ಹೋದದ್ದು ಕೆಸರಿಗಲ್ಲ, ಆ ಡಬ್ಬಿಗೆ.

ಮುಂದೆ ಇನ್ನೊಂದು ಕಷ್ಟ ಕಾದಿತ್ತು. ಎಡಗಡೆ ಯಾರದೋ ಪ್ಲಾಟಿನ ಮುಳ್ಳುತಂತಿ ಬೇಲಿ, ಬಲಗಡೆ ನೀರು ತುಂಬಿದ ಚರಂಡಿ, ನಡುವೆ ನಮ್ಮ ಕಾರಿನ ಅಳತೆಗೇ ಹೊಲಿಸಿದಂಥ ದಾರಿ. ವಿದ್ಯಾ ಇಳಿದು ಒಮ್ಮೆ ನಡೆದು ನೋಡಿದಳು. ಎಡಗಡೆಯ ಕನ್ನಡಿ ಮಡಚಿದಳು. "ಅಕ್ಕಾ, ನೀ ತಂತಿ ಅಷ್ಟ ನೋಡು, ನಾ ಚರಂಡಿ ನೋಡ್ತೀನಿ," ಎಂದಳು. ನಾನು ತಂತಿಯ ಒಂದೊಂದು ಮುಳ್ಳನ್ನೂ ಮುಖ ನೋಡಿ ಕಳಿಸಿಕೊಟ್ಟೆ. ಕೊನೆಯಲ್ಲಿ, ಇನ್ನೇನು ದಾಟಿದೆವು ಅನ್ನುವಾಗ, ಎಡಬಾಗಿಲ ಕಡೆ 'ಚರ್ರ್' ಅಂತ ಒಂದು ಸದ್ದು.

ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಇಳಿದು ನೋಡಿದರೆ ಬಾಗಿಲೇ ಕಾಣಲಿಲ್ಲ. ಬೆರಳು ದಪ್ಪ ಕೆಸರು. ಗೀರು ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಕಾರಿನ ಬಣ್ಣ ಬಿಳಿ ಅಂತ ನಮಗೆ ನೆನಪಿನಿಂದ ಮಾತ್ರ ಗೊತ್ತಿತ್ತು.

ಕೊನೆಯ ತಂಡಕ್ಕಿಂತ ಒಂದೇ ಸ್ಥಾನ ಮುಂದೆ ನಿಂತೆವು. ನಮ್ಮ ಹಿಂದಿದ್ದವರು ದಾರಿ ತಪ್ಪಿ ಲೋಹಗಾಂವ್ ಕಡೆ ಹೋಗಿದ್ದರಂತೆ. ಮುಗಿಸಿದವರಿಗೆಲ್ಲ ಒಂದೊಂದು ಪ್ಲಾಸ್ಟಿಕ್ ಬಕೆಟ್ಟು ಬಹುಮಾನ. ಲೇಲೆ ಕಾಕು ನಮ್ಮ ಕಾರಿನಲ್ಲೇ ಮನೆಗೆ ಬಂದರು. ಸೀಟಿನ ಪ್ಲಾಸ್ಟಿಕ್ಕನ್ನು ಕೊನೆಗೂ ಒಬ್ಬರು ಹೊಗಳಿದರು, ಒರೆಸಲು ಸುಲಭ ಅಂತ.

ಸಂಜೆಗೆ ಮಳೆ ನಿಂತಿತ್ತು. ಸುಭಾಷ ಗೇಟಿನ ಹತ್ತಿರ ನಿಂತಿದ್ದ, ಹಳದಿ ಬಟ್ಟೆ ಹಿಡಿದುಕೊಂಡು. ಕಾರು ಒಳಗೆ ಬಂದಾಗ ಅವನಿಗೆ ಮೊದಲು ಗುರುತೇ ಹತ್ತಲಿಲ್ಲ. ನಾವು ದಾರಿಯಲ್ಲಿ ಹೇಳಿದ್ದ ಮುಳ್ಳುತಂತಿಯ ಕಥೆಯನ್ನು ಕಾಕು ಇಳಿಯುತ್ತಲೇ ಅವನಿಗೆ ಒಪ್ಪಿಸಿದರು. ಬಾಲ್ಕನಿಗಳಲ್ಲಿ ಜನ ಸೇರಿದರು. ನಮ್ಮವರೂ ಪೇಪರು ಮಡಚಿಕೊಂಡು ಇಳಿದು ಬಂದರು.

"ಗೀರು ಬಿದ್ದದೇನು?" ಎಂದ ಸುಭಾಷ.

"ಗೊತ್ತಿಲ್ರಿ. ತೊಳದ ನೋಡೂಣು," ಎಂದಳು ವಿದ್ಯಾ. ಕೀಲಿ ಅವಳ ಮುಷ್ಟಿಯಲ್ಲಿತ್ತು. "ಮೊದಲ ನೀರು ಹಾಕ್ರಿ, ಮಣ್ಣು ನೆನೀಲಿ."

ಅವಳು ಬಹುಮಾನದ ಬಕೆಟ್ ಹಿಡಿದುಕೊಂಡು ನಲ್ಲಿಯ ಕಡೆ ಹೋದಳು. ನೀರು ತುಂಬುವ ತನಕ ಸುಭಾಷ ಕಾಯಬಹುದಿತ್ತು. ಕಾಯುವ ಸ್ಥಿತಿಯಲ್ಲಿ ಅವನು ಇರಲಿಲ್ಲ. ನನ್ನ ಕಣ್ಣು ಎರಡು ಸಲ ಎಡಬಾಗಿಲ ಕಡೆ ಹೋದದ್ದನ್ನು ನೋಡಿಬಿಟ್ಟ. (ಸಾಕ್ಷಿಗಳಿಗೆ ಕಣ್ಣು ಇರಬಾರದು.) ಸೀದಾ ಅಲ್ಲಿಗೆ ಹೋದ. ಅರೆ ಒಣಗಿದ ಕೆಸರು, ಅದರೊಳಗೆ ಕಟ್ಟಡದ ಮರಳು, ಜಲ್ಲಿಯ ಪುಡಿ. ಅದರ ಮೇಲೆ ಹಳದಿ ಬಟ್ಟೆ ಇಟ್ಟು ಮೈಯ ಭಾರವನ್ನೆಲ್ಲ ಹಾಕಿ ಉಜ್ಜಿದ. ಬಾಗಿಲು ಕಿರುಗುಟ್ಟಿತು. ಇನ್ನೂ ಗಟ್ಟಿಯಾಗಿ ಉಜ್ಜಿದ.

ವಿದ್ಯಾ ನೀರು ತಂದು ಸುರಿದಳು. ಕೆಸರು ಇಳಿಯಿತು. ಎಡಬಾಗಿಲ ಮೇಲೆ ಗೀರುಗಳು, ಒಂದಲ್ಲ, ಎಣಿಸಲಾರದಷ್ಟು.

ವಿದ್ಯಾಳ ಕೈಯಿಂದ ಬಕೆಟ್ಟು ಜಾರಿತು.

"ನೋಡು," ಎಂದ ಸುಭಾಷ. ಗೆದ್ದವನ ದನಿಯಲ್ಲ, ಅಳುವವನ ದನಿ. "ನಾ ಮೊದಲ ಹೇಳಿದ್ದೆ."

ಲೇಲೆ ಕಾಕು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಅಹೋ ಸುಭಾಷರಾವ, ಹೇ ಓರಖಡೇ ತರ ತುಮ್ಹೀಚ ಕಾಢಲೇತ," ಎಂದರು. ಈ ಗೀರುಗಳನ್ನು ಎಳೆದವರು ನೀವೇ. ಕಾಕುಗೆ ಸುತ್ತಿ ಬಳಸಿ ಹೇಳುವುದು ಗೊತ್ತಿಲ್ಲ ಅಂತ ಆಗಲೇ ಹೇಳಿದ್ದೇನೆ.

"ನಾನು? ಅಲ್ಲಿ ಮುಳ್ಳುತಂತಿ ಇತ್ತಂತ, ವೈನಿ ಹೇಳ್ಲಿ."

ನಮ್ಮವರು ಸಾಮಾನ್ಯವಾಗಿ ಇಂಥ ಮಾತಿನ ನಡುವೆ ಬರುವವರಲ್ಲ. ಅವತ್ತು ಬಂದರು. ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಗೀರುಗಳ ಮೇಲೆ ಬೆರಳಾಡಿಸಿದರು. ಬೆರಳು ದುಂಡಗೆ ತಿರುಗಿತು, ಮತ್ತೆ ದುಂಡಗೆ, ಹಳದಿ ಬಟ್ಟೆ ತಿರುಗಿದ ಹಾಗೇ.

"ತಂತಿ ಉದ್ದಕ್ಕ ಗೀರ್ತದೋ ತಮ್ಮಾ," ಎಂದರು. "ಗುಂಡಗ ಗೀರೋದಿಲ್ಲ."

ಉದ್ದ ಗೀರು ಒಂದೂ ಇರಲಿಲ್ಲ. ಬಾಗಿಲ ಅಂಚಿನ ರಬ್ಬರು ಮಾತ್ರ ಒಂದು ಗೇಣು ಕಿತ್ತು ಜೋಲುತ್ತಿತ್ತು. ಆ 'ಚರ್ರ್' ಅಂದದ್ದು ಅದು. ಕಾರಿನ ಉಳಿದ ಮೈಯನ್ನು ವಿದ್ಯಾ ಒಂದೊಂದೇ ಬಕೆಟ್ ನೀರು ಹಾಕಿ, ಕೈಯಿಂದ ಸವರಿ, ನಿಧಾನಕ್ಕೆ ತೊಳೆದಳು. ಬಾನೆಟ್ಟು, ಮಾಡು, ಬಲಗಡೆ. ಮಲ್ಲಮ್ಮನವರು ಬೆನ್ನು ಕೊಟ್ಟಿದ್ದ ಡಿಕ್ಕಿ ಶೋರೂಮಿನಿಂದ ಬಂದ ಹಾಗೆ ಹೊಳೆಯುತ್ತಿತ್ತು.

ಸುಭಾಷ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನ ಮೇಲೆ ಯಾರಿಗೂ ನಗು ಬರಲಿಲ್ಲ. ಕಾರನ್ನು ಅವನು ಪ್ರೀತಿಸುತ್ತಾನೆ, ಸುಳ್ಳಲ್ಲ. ವಿದ್ಯಾ ಅವನ ಪಕ್ಕ ಕೂತು ಕೀಲಿಯನ್ನು ಅಂಗೈ ಮೇಲೆ ಇಟ್ಟುಕೊಂಡಳು. ಕೇಳಲಿಲ್ಲ, ಕೊಡಲೂ ಇಲ್ಲ.

ಕೊನೆಗೆ ಸುಭಾಷನೇ ಹೇಳಿದ. "ಖರಾಡಿ ರೋಡ್ ಭಾಳ ಕೆಟ್ಟದ. ಸಾಲಿಗೆ ಸುತ್ತಾದ್ರೂ ಡಾಂಬರ್ ಮ್ಯಾಲಿಂದ ಹೋಗು."

ಇದನ್ನು ಬರೆಯುವ ಹೊತ್ತಿಗೆ ವಿದ್ಯಾ ಶಾಲೆಗೆ ಹೋಗಿದ್ದಾಳೆ. ಹೊರಗೆ ಮಳೆ ಸುರಿಯುತ್ತಿದೆ. ಕೆಳಗೆ ಕಾರಿನ ಹೊದಿಕೆ ಮಡಚಿಟ್ಟಲ್ಲೇ ಇದೆ. ಪಕ್ಕದ ಬಿಲ್ಡಿಂಗಿನ ಇಬ್ಬರು ಹೆಂಗಸರು ನಿನ್ನೆ ಬಂದು, ತಮ್ಮ ಹತ್ತಿರವೂ ಲೈಸೆನ್ಸ್ ಇದೆ ಅಂತ ನನ್ನ ಕಿವಿಯಲ್ಲಿ ಹೇಳಿಹೋದರು, ಏನೋ ಕದ್ದ ಮಾಲಿನ ಸುದ್ದಿ ಹೇಳುವ ಹಾಗೆ. ನಮ್ಮ ಬಡಾವಣೆಯಲ್ಲಿ ಹೀಗೆ ಗುರುತಿನ ಚೀಟಿಯಾಗಿ ಮಾತ್ರ ಕೆಲಸಕ್ಕೆ ಬರುವ ಲೈಸೆನ್ಸುಗಳು ಎಷ್ಟಿವೆಯೋ. ಓಡಿಸಲು ಬರುವುದಿಲ್ಲ ಅಂತಲ್ಲ. ಓಡಿಸಿ ನೋಡುವ ಮೊದಲೇ ಗೀರು ಹುಡುಕುವವರು ಬಟ್ಟೆ ಹಿಡಿದು ನಿಂತಿರುತ್ತಾರೆ.

ನಿಮ್ಮ ಮನೆಯ ಕಾರಿನ ಕೀಲಿ ಇರುವುದು, ಯಾರನ್ನೂ ಕೇಳದೆ ಎಲ್ಲರೂ ತೆಗೆದುಕೊಳ್ಳಬಹುದಾದ ಜಾಗದಲ್ಲಿಯೇ?